ತಾಯಿ ಯಂತ್ರಗಳು

ಕೈಗಾರಿಕಾ ಕ್ರಾಂತಿಯ ಪಾಠವನ್ನು ನಾನು ಸುಮಾರು ಮೂವತ್ತು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಜೇಮ್ಸ್ ವಾಟ್ ಬರುತ್ತಾನೆ, ನೂಲುವ ಜೆನ್ನಿ ಬರುತ್ತದೆ, ಉಗಿಬಂಡಿ ಬರುತ್ತದೆ. ಆ ಯಂತ್ರಗಳನ್ನೆಲ್ಲ ಮಾಡಿದ ಯಂತ್ರ ಯಾವುದು ಎಂಬ ಪ್ರಶ್ನೆ ಮಾತ್ರ ಪಠ್ಯದಲ್ಲೂ ಇಲ್ಲ, ಪ್ರಶ್ನೆಪತ್ರಿಕೆಯಲ್ಲೂ ಇಲ್ಲ. ವಾಟ್‌ನ ಎಂಜಿನ್ನಿಗೆ ಬೇಕಾದ ಸಿಲಿಂಡರನ್ನು ಒಳಗಿನಿಂದ ದುಂಡಗೆ ಕೊರೆದುಕೊಟ್ಟವನು ಜಾನ್ ವಿಲ್ಕಿನ್ಸನ್. ೧೭೭೪ರ ಸುಮಾರಿಗೆ ಅವನ ಕೊರೆಯುವ ಯಂತ್ರ ಸಿದ್ಧವಾಗದೆ ಇದ್ದಿದ್ದರೆ ವಾಟ್‌ನ ಉಗಿಯೆಲ್ಲ ಸಂದಿಗಳಲ್ಲಿ ಸೋರಿಹೋಗುತ್ತಿತ್ತು. ಲೇತು, ಮಿಲ್ಲಿಂಗ್ ಯಂತ್ರ, ಕೊರೆಯುವ ಯಂತ್ರ ಇವುಗಳನ್ನು ಕಾರ್ಖಾನೆಯವರು ತಾಯಿ ಯಂತ್ರಗಳು ಎನ್ನುತ್ತಾರೆ. ಬೇರೆಲ್ಲ ಯಂತ್ರಗಳು ಇವುಗಳ ಹೊಟ್ಟೆಯಿಂದಲೇ ಬರಬೇಕು. ಹೆಸರೇನೋ ತಾಯಿಯದು. ಆದರೆ ತಾಯಂದಿರನ್ನು ಬಹಳ ಕಾಲ ಅವುಗಳ ಹತ್ತಿರ ಬಿಟ್ಟುಕೊಂಡಿರಲಿಲ್ಲ.

ಬಿ.ಎ. ಓದಿ ಬಿ.ಎಡ್. ಮಾಡಿದ ನನಗೆ ಈ ಲೋಕದ ಪರಿಚಯವಾದದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ನಮ್ಮ ಯಜಮಾನರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ನೆಲಮಂಗಲದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅವರ ಖಾಕಿ ಅಂಗಿಯಿಂದ ಒಂದು ವಾಸನೆ ಬರುತ್ತಿತ್ತು. ಎಣ್ಣೆಯದೂ ಅಲ್ಲ, ಸಾಬೂನಿನದೂ ಅಲ್ಲ, ಎರಡೂ ಸೇರಿ ಹುಳಿ ಬಂದಂಥದು. ಎರಡು ಬಾರಿ ಕುದಿನೀರಿನಲ್ಲಿ ನೆನೆಸಿದರೂ ಹೋಗುತ್ತಿರಲಿಲ್ಲ. ಅದು ಕೂಲಂಟಿನ ವಾಸನೆ ಎಂದು ಅವರು ಹೇಳಿದರು. ಉಕ್ಕನ್ನು ಕೊರೆಯುವಾಗ ಟೂಲಿನ ಮೂತಿಯ ಮೇಲೆ ಎಡೆಬಿಡದೆ ಸುರಿಸುವ ನೀರು. ಕೂಲಂಟಿಗೂ ಒಂದು ಇತಿಹಾಸವಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಿಡ್‌ವೇಲ್ ಎಂಬ ಉಕ್ಕಿನ ಕಾರ್ಖಾನೆ. ೧೮೭೮ರಲ್ಲಿ ಫ್ರೆಡರಿಕ್ ಟೇಲರ್ ಎಂಬ ತರುಣ ಅಲ್ಲಿಗೆ ಕೆಲಸಕ್ಕೆ ಸೇರಿದ. ಉಕ್ಕನ್ನು ಯಾವ ವೇಗದಲ್ಲಿ, ಎಷ್ಟು ಆಳಕ್ಕೆ ಕತ್ತರಿಸಬೇಕು ಎಂಬುದು ಆಗ ಹಳೆಯ ಕೆಲಸಗಾರರ ಕೈಯಂದಾಜು. ನಮ್ಮ ಅಜ್ಜಿಯರು ಸಾರಿಗೆ ಉಪ್ಪು ಹಾಕುತ್ತಿದ್ದ ಹಾಗೆ. ಟೇಲರ್ ಅದನ್ನು ಲೆಕ್ಕಕ್ಕೆ ತರಲು ಹೊರಟ. ಇಪ್ಪತ್ತಾರು ವರ್ಷ ಪ್ರಯೋಗ ಮಾಡಿದ, ಎಂಟು ಲಕ್ಷ ಪೌಂಡಿಗೂ ಹೆಚ್ಚು ಕಬ್ಬಿಣ ಮತ್ತು ಉಕ್ಕನ್ನು ಕತ್ತರಿಸಿ ಚೂರು ಮಾಡಿದ. ೧೮೮೦ರ ದಶಕದಲ್ಲೇ ಅವನಿಗೆ ಕಂಡ ಒಂದು ಸಂಗತಿ ಬಹಳ ಸರಳವಾದದ್ದು. ಚೂರು ಏಳುವ ಜಾಗಕ್ಕೆ ಸರಿಯಾಗಿ ಧಾರಾಳವಾಗಿ ನೀರು ಬಿಟ್ಟರೆ ಅದೇ ಟೂಲನ್ನು ಶೇಕಡಾ ೩೦ರಿಂದ ೪೦ರಷ್ಟು ಹೆಚ್ಚು ವೇಗದಲ್ಲಿ ಓಡಿಸಬಹುದು. ಬರೀ ನೀರು ಬಿಟ್ಟರೆ ಯಂತ್ರ ತುಕ್ಕು ಹಿಡಿಯುತ್ತದಲ್ಲ? ಅದಕ್ಕೆ ಸೋಡಾ ಬೆರೆಸಿದ. ಬಟ್ಟೆಗೆ ಹಾಕುತ್ತೇವಲ್ಲ, ಅದೇ ವಾಷಿಂಗ್ ಸೋಡಾ. ಬಿದ್ದ ನೀರು ತೊಟ್ಟಿಗೆ ಇಳಿದು ಮತ್ತೆ ಮೇಲಕ್ಕೆ ಬರುವ ವ್ಯವಸ್ಥೆ ಮಾಡಿಸಿದ. ಇದನ್ನೇನೂ ಅವನು ಮುಚ್ಚಿಡಲಿಲ್ಲ. ಆದರೂ ಉಳಿದ ಕಾರ್ಖಾನೆಗಳು ಎಷ್ಟೋ ವರ್ಷ ಅದರ ಗೊಡವೆಗೆ ಹೋಗಲಿಲ್ಲವಂತೆ. ಕಂಡರೂ ಕಲಿಯದವರು ಎಲ್ಲ ದೇಶದಲ್ಲೂ ಇದ್ದಾರೆ ಅನ್ನಿ.

ಇದೇ ಟೇಲರ್ ಮುಂದೆ ಸ್ಟಾಪ್‌ವಾಚು ಹಿಡಿದು ಕೆಲಸಗಾರನ ಒಂದೊಂದು ಚಲನೆಯನ್ನೂ ಅಳೆಯುವ ಶಾಸ್ತ್ರಕ್ಕೆ ಹೆಸರಾದ. ಟೂಲಿಗೆ ತಣ್ಣೀರು ಬಿಟ್ಟ ಕೈಯೇ ಮನುಷ್ಯನ ಬೆನ್ನಿಗೆ ಗಡಿಯಾರ ಕಟ್ಟಿತು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಸೋಡಾ ನೀರಿನ ಕಾಲ ಹೋಗಿ ನೀರಿನಲ್ಲಿ ಬೆರೆಯುವ ಎಣ್ಣೆಯ ಕಾಲ ಬಂತು. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲವೆಂದು ನಮಗೆಲ್ಲ ಗೊತ್ತು. ಸಾಬೂನಿನಂಥ ವಸ್ತು ನಡುವೆ ನಿಂತು ಎರಡರ ಕೈಯನ್ನೂ ಹಿಡಿಸಿದರೆ ಬೆರೆಯುತ್ತದೆ, ಬೆರೆತು ಹಾಲಿನಂತೆ ಬೆಳ್ಳಗಾಗುತ್ತದೆ. ನೂರು ಪಾಲಿನಲ್ಲಿ ಐದರಿಂದ ಎಂಟು ಪಾಲು ಎಣ್ಣೆ, ಉಳಿದದ್ದು ನೀರು. ಬೆರೆಸುವುದಕ್ಕೂ ಕ್ರಮವಿದೆ. ನೀರಿಗೆ ಎಣ್ಣೆ ಹುಯ್ಯಬೇಕೇ ಹೊರತು ಎಣ್ಣೆಗೆ ನೀರಲ್ಲ. ತಿರುವುಮುರುವಾದರೆ ಗಂಟುಗಟ್ಟಿ ಕೆಡುತ್ತದೆ. ರಾಗಿಹಿಟ್ಟಿನ ಅಂಬಲಿ ಕಾಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೊಂದು ಕಷ್ಟ. ನಮ್ಮ ಮನೆಯಲ್ಲಿ ಸಾಬೂನು ನೊರೆ ಬಾರದೆ ಗಸಿಯಾಗುವ ಹಾಗೆ ಅಲ್ಲೂ ಗಸಿಯಾಗುತ್ತದೆ. ನೀರು ಆವಿಯಾಗಿ ಹೋದಂತೆಲ್ಲ ಉಪ್ಪು ಮಾತ್ರ ತೊಟ್ಟಿಯಲ್ಲೇ ಉಳಿದು ದಿನೇದಿನೇ ಹೆಚ್ಚುತ್ತದೆ.

ಆ ಹುಳಿ ವಾಸನೆಗೆ ಕಾರಣ ಇಷ್ಟು. ಯಂತ್ರದ ಜಾರುಹಳಿಗೆ ಹಾಕುವ ಬೇರೆ ಎಣ್ಣೆ ಸೋರಿ ಬಂದು ಹಾಲಿನ ಮೇಲೆ ಕೆನೆಯಂತೆ ಕಟ್ಟುತ್ತದೆ. ಶನಿವಾರ ಸಂಜೆ ಪಂಪು ನಿಂತರೆ ಭಾನುವಾರವೆಲ್ಲ ಆ ಕೆನೆಯ ಕೆಳಗೆ ಗಾಳಿ ಆಡುವುದಿಲ್ಲ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಸಂತೆ ನೆರೆಯುತ್ತವೆ. ಸೋಮವಾರ ಬೆಳಿಗ್ಗೆ ಪಂಪು ಹಾಕಿದರೆ ಕೊಳೆತ ಮೊಟ್ಟೆಯ ನಾತ. ಎಲ್ಲ ದೇಶದ ಕಾರ್ಖಾನೆಗಳಲ್ಲೂ ಇದು ಸೋಮವಾರದ ವಾಸನೆ ಎಂದೇ ಪ್ರಸಿದ್ಧ. ನಮ್ಮ ಮನೆಯ ಒಗೆಯುವ ಕಲ್ಲಿಗೂ ಅದು ಚೆನ್ನಾಗಿ ಗೊತ್ತಿತ್ತು.

ವಾಸನೆಯಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಎಂಟು ಗಂಟೆ ಆ ನೀರಿನಲ್ಲಿ ಅದ್ದಿದ ಕೈ ಏನಾಗಬೇಕು? ಕೊಬ್ಬನ್ನು ಕರಗಿಸುವ ಗುಣವಿರುವ ನೀರು ಚರ್ಮದ ಜಿಡ್ಡನ್ನೂ ಬಿಡುವುದಿಲ್ಲ. ಜೊತೆಗೆ ಕಣ್ಣಿಗೆ ಕಾಣದ ಉಕ್ಕಿನ ಚೂರುಗಳು. ಯಜಮಾನರ ಬೆರಳ ಸಂದಿಗಳು ಬೇಸಿಗೆಯ ಕೆರೆಯಂತೆ ಬಿರಿಯುತ್ತಿದ್ದವು. ರಾತ್ರಿ ಕೊಬ್ಬರಿ ಎಣ್ಣೆ ಸವರಿ ಹಳೆಯ ಸೀರೆಯ ಚೂರು ಸುತ್ತುತ್ತಿದ್ದೆ. ಚರ್ಮದ ಡಾಕ್ಟರು ಕೆಲಸ ಬದಲಿಸಿ ಎಂದರು. ಎಷ್ಟು ಸುಲಭದ ಮಾತು! ತಿರುಗುವ ಚಕ್ಕಿನ ಹತ್ತಿರ ಕೈಗವಸು ಹಾಕುವಂತಿಲ್ಲ, ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಇರುವ ಉಪಾಯ ಒಂದೇ, ತೊಟ್ಟಿಯನ್ನು ಚೊಕ್ಕಟವಾಗಿಡುವುದು. ಅವರ ಕಾರ್ಖಾನೆಯಲ್ಲಿ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ತೊಳೆಯುತ್ತಿದ್ದದ್ದು ವರ್ಷಕ್ಕೊಂದು ಸಲ, ಆಯುಧಪೂಜೆಯ ಹಿಂದಿನ ದಿನ. ಯಂತ್ರಕ್ಕೆ ಕುಂಕುಮ, ಬಾಳೆಕಂದು, ಬೂದುಗುಂಬಳ ಎಲ್ಲ ಆಗುತ್ತಿತ್ತು. ಕೈಗೆ ಹಚ್ಚುವ ಮುಲಾಮಿಗೆ ಮಾತ್ರ ಮಾಲೀಕರ ಲೆಕ್ಕದಲ್ಲಿ ಜಾಗವಿರಲಿಲ್ಲ.

ಇನ್ನು ಕಂಪ್ಯೂಟರು ನಡೆಸುವ ಯಂತ್ರದ ಕಥೆ. ಕಾರ್ಖಾನೆಯವರು ಇದನ್ನು ಸಿ.ಎನ್.ಸಿ. ಎನ್ನುತ್ತಾರೆ. ಇದರ ಮುತ್ತಜ್ಜಿ ನಮ್ಮ ಸೀರೆಯ ಮಗ್ಗ ಎಂದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಫ್ರಾನ್ಸಿನ ಜಕಾರ್ಡ್ ೧೮೦೪ರ ಹೊತ್ತಿಗೆ ತೂತು ಹೊಡೆದ ರಟ್ಟುಗಳನ್ನು ಮಗ್ಗದ ಮೇಲೆ ಹೊಂದಿಸಿದ. ತೂತಿದ್ದಲ್ಲಿ ದಾರ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ, ಹೂವು ತಾನಾಗಿ ಮೂಡುತ್ತದೆ. ದೊಡ್ಡಬಳ್ಳಾಪುರದ ಮಗ್ಗಗಳ ನೆತ್ತಿಯ ಮೇಲೆ ಈ ರಟ್ಟಿನ ಮಾಲೆ ತೂಗುವುದನ್ನು ನಮ್ಮ ಕಡೆಯವರೆಲ್ಲ ನೋಡಿರುತ್ತಾರೆ.

ಅದು ಉಕ್ಕಿನವರೆಗೆ ಬರಲು ನೂರೈವತ್ತು ವರ್ಷ ಬೇಕಾಯಿತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಜಾನ್ ಪಾರ್ಸನ್ಸ್ ಎಂಬುವನು ಹೆಲಿಕಾಪ್ಟರಿನ ರೆಕ್ಕೆ ಮಾಡುತ್ತಿದ್ದ. ಆ ರೆಕ್ಕೆಯ ಡೊಂಕು ಕೈಯಳತೆಗೆ ಸಿಕ್ಕುವಂಥದಲ್ಲ. ಅವನೂ ಅವನ ಎಂಜಿನಿಯರ್ ಫ್ರಾಂಕ್ ಸ್ಟುಲೆನ್ ಎಂಬಾತನೂ ಡೊಂಕಿನುದ್ದಕ್ಕೂ ಚುಕ್ಕಿಗಳನ್ನು ಲೆಕ್ಕಹಾಕಿ ಪಟ್ಟಿ ಮಾಡಿಸಿದರು. ಒಬ್ಬ ಕೂಗಿ ಅಂಕಿ ಓದುವುದು, ಇಬ್ಬರು ಎರಡು ಕಡೆಯ ಹಿಡಿ ತಿರುಗಿಸಿ ಟೂಲನ್ನು ಆ ಚುಕ್ಕಿಗೆ ತರುವುದು. ಚುಕ್ಕಿ ಇಟ್ಟು ಎಳೆ ಸೇರಿಸುವ ನಮ್ಮ ರಂಗೋಲಿಯಲ್ಲದೆ ಇದು ಮತ್ತೇನು? ಕೂಗುವವನ ಬದಲು ತೂತಿನ ಪಟ್ಟಿಯೂ ಹಿಡಿ ತಿರುಗಿಸುವವರ ಬದಲು ಮೋಟಾರೂ ಇದ್ದರೆ ಹೇಗೆ ಎಂದು ಪಾರ್ಸನ್ಸ್ ಯೋಚಿಸಿದ. ೧೯೪೯ರಲ್ಲಿ ಅಮೆರಿಕದ ವಾಯುಪಡೆ ಹಣ ಕೊಟ್ಟಿತು. ಎಂ.ಐ.ಟಿ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ೧೯೫೨ರಲ್ಲಿ ಅಂಥ ಯಂತ್ರ ಜನರ ಮುಂದೆ ಓಡಿತು. ನೂರಾರು ನಿರ್ವಾತ ನಳಿಗೆಗಳ ಅದರ ಕಪಾಟು ಒಂದು ಕೋಣೆಯ ಸಾಮಾನಿನಷ್ಟಿತ್ತು. ೧೯೫೯ರಲ್ಲಿ ಅದಕ್ಕೊಂದು ಭಾಷೆಯನ್ನೂ ಸಿದ್ಧಮಾಡಿ ಪತ್ರಕರ್ತರನ್ನು ಕರೆದು ತೋರಿಸಿದರು, ಯಂತ್ರವೇ ಕೊರೆದ ಅಲ್ಯೂಮಿನಿಯಮ್ಮಿನ ಬೂದಿತಟ್ಟೆಗಳನ್ನು ನೆನಪಿನ ಕಾಣಿಕೆ ಕೊಟ್ಟರು. ಅಷ್ಟು ಹಣ ಸುರಿದು ಸಿಗರೇಟಿನ ಬೂದಿ ಹಾಕಲು ತಟ್ಟೆ! ಹೆಂಗಸರ ಕೈಯಲ್ಲಿದ್ದಿದ್ದರೆ ಒಂದು ಕುಂಕುಮದ ಭರಣಿಯಾದರೂ ಹುಟ್ಟುತ್ತಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ೧೯೪೦ರ ದಶಕದಲ್ಲೇ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಟೇಪ್ ರೆಕಾರ್ಡರಿನಂಥ ಏರ್ಪಾಡು ಮಾಡಿದ್ದರು. ಪಳಗಿದ ಕೆಲಸಗಾರ ಮೊದಲ ಜಾಬನ್ನು ತನ್ನ ಕೈಯಿಂದಲೇ ಮಾಡುತ್ತಾನೆ, ಅವನ ಕೈಯ ಚಲನೆಯೆಲ್ಲ ಟೇಪಿನಲ್ಲಿ ದಾಖಲಾಗುತ್ತದೆ. ಮುಂದಿನವನ್ನೆಲ್ಲ ಯಂತ್ರ ಅದೇ ಹಾಡನ್ನು ಹಾಡಿದಂತೆ ಮಾಡುತ್ತದೆ. ವಿದ್ಯೆ ಅವನ ಬಳಿಯೇ ಉಳಿಯುತ್ತದೆ. ಆ ದಾರಿಯನ್ನು ಬಿಟ್ಟು ಆಫೀಸಿನಲ್ಲಿ ಕುಳಿತವರು ಅಂಕಿ ಬರೆದುಕೊಡುವ ದಾರಿಯನ್ನು ಹಿಡಿದದ್ದರಲ್ಲಿ ಕಾರ್ಖಾನೆಯನ್ನು ಕೆಲಸಗಾರನ ಹಿಡಿತದಿಂದ ಬಿಡಿಸುವ ಆಸೆಯೂ ಇತ್ತೆಂದು ಡೇವಿಡ್ ನೋಬಲ್ ಎಂಬ ಇತಿಹಾಸಕಾರರು ೧೯೮೪ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಟೇಲರನ ಗಡಿಯಾರ ನೆನಪಾಗುತ್ತದಲ್ಲವೆ? ಅವರ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಿಮಾನದ ರೆಕ್ಕೆಯ ಡೊಂಕನ್ನು ಎಂಥ ಪಳಗಿದ ಕೈಯೂ ಸುಲಭವಾಗಿ ಮಾಡಲಾರದು, ಅಂಕಿ ಬೇಕೇ ಬೇಕು. ಆದರೆ ನಮ್ಮ ಮನೆಯಲ್ಲಿ ನಡೆದದ್ದನ್ನು ನೋಡಿದರೆ ಅವರ ಮಾತನ್ನು ತೆಗೆದುಹಾಕಲೂ ಮನಸ್ಸಾಗುವುದಿಲ್ಲ.

ನಮ್ಮ ನಾಡಿಗೆ ತಾಯಿ ಯಂತ್ರಗಳು ಹೊಸತಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ ೧೯೪೧ರಿಂದ ಲೇತು ಮಾಡಿತು. ಆ ಕಾರ್ಖಾನೆ ಈಗಿಲ್ಲ. ೧೯೫೩ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಹುಟ್ಟಿತು. ೧೯೬೨ರಲ್ಲಿ ಜೆಕೊಸ್ಲೊವಾಕಿಯಾದ ನೆರವಿನಿಂದ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣ ಸಂಶೋಧನೆಯ ಕೇಂದ್ರ ಸಂಸ್ಥೆ, ೧೯೭೨ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಟೂಲ್‌ರೂಂ ಬಂದವು. ಇವೆಲ್ಲದರ ನೆರಳಿನಲ್ಲಿ ಪೀಣ್ಯ ಬೆಳೆಯಿತು. ೧೯೬೧ರಲ್ಲಿ ಎಚ್.ಎಂ.ಟಿ. ಜಪಾನಿನ ಸಿಟಿಜನ್ ಕಂಪನಿಯೊಂದಿಗೆ ಕೈಗಡಿಯಾರ ಮಾಡತೊಡಗಿದಾಗ ಗಡಿಯಾರ ಜೋಡಿಸಲು ಹೆಂಗಸರನ್ನು ತೆಗೆದುಕೊಂಡರು. ಸಾಸಿವೆಯಂಥ ತಿರುಪುಗಳನ್ನು ಹೆಣ್ಣಿನ ಬೆರಳಿಗೆ ನಂಬಿ ಕೊಟ್ಟವರೇ ಲೇತಿನ ಹಿಡಿಯನ್ನು ಗಂಡಸಿನ ಕೆಲಸವೆಂದು ಬಗೆದರು. ಕಾಯ್ದೆಯೂ ಹಾಗೇ ಇತ್ತು. ೧೯೪೮ರ ಕಾರ್ಖಾನೆಗಳ ಕಾಯ್ದೆಯ ೨೨ನೇ ಕಲಂ ಚಲಿಸುವ ಯಂತ್ರಭಾಗಗಳನ್ನು ಒರೆಸುವುದು, ಎಣ್ಣೆ ಹಾಕುವುದು ಹೆಂಗಸರಿಗೆ ಕೂಡದೆಂದಿತು. ೬೬ನೇ ಕಲಂ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಅವರು ಕಾರ್ಖಾನೆಯಲ್ಲಿ ಇರಕೂಡದೆಂದಿತು. ರಕ್ಷಣೆಯೇನೋ ಹೌದು. ಬಾಗಿಲೂ ಹೌದು.

೧೯೯೭ರಲ್ಲಿ ಯಜಮಾನರ ಕಾರ್ಖಾನೆಗೆ ಮೊದಲ ಸಿ.ಎನ್.ಸಿ. ಲೇತು ಬಂತು. ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಅದರ ಮುಂದೆ ನಿಂತ. ಹದಿಮೂರು ವರ್ಷ ಹಿಡಿ ತಿರುಗಿಸಿದ್ದವರಿಗೆ ಜಾಬ್ ಹಾಕುವುದು, ತೆಗೆಯುವುದು, ಬಾಗಿಲು ಮುಚ್ಚುವುದು ಇಷ್ಟೇ ಕೆಲಸ. ಅವರು ಮನೆಯಲ್ಲಿ ಮಾತು ಕಡಿಮೆ ಮಾಡಿದರು. ಆರು ತಿಂಗಳು ಕಳೆಯುವುದರೊಳಗೆ ಆ ಹುಡುಗನೇ ಇವರನ್ನು ಹುಡುಕಿಕೊಂಡು ಬರತೊಡಗಿದ. ಟೂಲ್ ಸವೆದಿದೆಯೆಂದು ಪರದೆ ಹೇಳುತ್ತಿರಲಿಲ್ಲ, ಸದ್ದು ಹೇಳುತ್ತಿತ್ತು. ಚೂರು ನೀಲಿಗಟ್ಟಿ ಮುರಿದು ಬೀಳುತ್ತಿದೆಯೋ ಉದ್ದಕ್ಕೆ ದಾರದಂತೆ ಸುತ್ತಿಕೊಳ್ಳುತ್ತಿದೆಯೋ ನೋಡಿ ಇವರು ವೇಗ ಹೇಳುತ್ತಿದ್ದರು. ಅವನು ಅಂಕಿ ಕಲಿಸಿದ, ಇವರು ಕಿವಿ ಕಲಿಸಿದರು. ಹೀಗೆ ಇವರು ಸೆಟ್ಟರ್ ಆದರು.

ಸೆಟ್ಟಿಂಗ್ ಎಂದರೇನು ಎಂದು ನನಗೆ ಅರ್ಥವಾಗುವಂತೆ ಬಿಡಿಸಿ ಹೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಟೂಲ್ ಮೇಕಿಂಗಿನಲ್ಲಿ ಡಿಪ್ಲೊಮಾ ಮಾಡಿ ಈಗ ಒಂದು ಕಾರ್ಖಾನೆಯಲ್ಲಿ ಸೆಟ್ಟರ್ ಆಗಿದ್ದಾಳೆ. “ಮಿಸ್, ಯಂತ್ರಕ್ಕೆ ಜಾಬ್ ಎಲ್ಲಿದೆ ಅಂತಲೇ ಗೊತ್ತಿರಲ್ಲ, ಅದಕ್ಕೆ ಸೊನ್ನೆ ಎಲ್ಲಿ ಅಂತ ನಾವು ತೋರಿಸಬೇಕು” ಎಂದಳು. ಕೆಲವರು ಈಗಲೂ ಒಂದು ತುಂಡು ಕಾಗದವನ್ನು ಟೂಲಿಗೂ ಜಾಬಿಗೂ ನಡುವೆ ಇಟ್ಟು ಎಳೆದು ನೋಡುತ್ತಾರಂತೆ. ಕಾಗದ ಹಿಡಿದುಕೊಂಡ ಕ್ಷಣ, ಅಲ್ಲಿಂದ ಕಾಗದದ ದಪ್ಪ ಕಳೆದರೆ ಸೊನ್ನೆ. ಹೀಗೆ ಒಂದೊಂದು ಟೂಲಿಗೂ ಲೆಕ್ಕ ಬರೆಯಬೇಕು. ಆಮೇಲೆ ಜಾಬಿಲ್ಲದೆ ಗಾಳಿಯಲ್ಲೇ ಒಮ್ಮೆ ಓಡಿಸಿ ನೋಡುವುದು, ಮತ್ತೆ ಒಂದೊಂದೇ ಸಾಲಾಗಿ ಮೊದಲ ಜಾಬ್. ಆಗ ಎಡಗೈ ವೇಗ ಕಡಿಮೆ ಮಾಡುವ ಗುಂಡಿಯ ಮೇಲೇ ಇರಬೇಕು. ಒಂದು ಅಂಕಿಯ ಮುಂದೆ ಕಳೆಯುವ ಗುರುತು ಬಿಟ್ಟುಹೋದರೂ ಟೂಲು ಚಕ್ಕಿಗೇ ಹೋಗಿ ಬಡಿಯುತ್ತದೆ. ಪ್ರೋಗ್ರಾಮಿನಲ್ಲಿ ‘ಎಂ ೦೮’ ಎಂದಿದ್ದರೆ ಕೂಲಂಟ್ ಬರುತ್ತದೆ, ‘ಎಂ ೦೯’ ಎಂದರೆ ನಿಲ್ಲುತ್ತದೆ. ಟೇಲರನ ನೀರು ಎರಡು ಅಂಕಿಗೆ ಇಳಿದಿದೆ.

ಕರ್ನಾಟಕ ಸರ್ಕಾರ ೨೦೧೯ರಲ್ಲಿ ಹೆಂಗಸರಿಗೆ ಕಾರ್ಖಾನೆಗಳ ರಾತ್ರಿ ಪಾಳಿಗೆ ಅನುಮತಿ ಕೊಟ್ಟಿತು. ಸುರಕ್ಷಿತ ವಾಹನ ಮೊದಲಾದ ಷರತ್ತುಗಳೊಂದಿಗೆ. ಇವಳೂ ರಾತ್ರಿ ಪಾಳಿ ಮಾಡುತ್ತಾಳೆ. ಅವಳಮ್ಮನಿಗೆ ಅದು ಇನ್ನೂ ಸಮಾಧಾನವಿಲ್ಲ. ಅಳಿಯನಾಗುವವನು ಏನೆನ್ನುತ್ತಾನೋ ಎಂಬ ಚಿಂತೆ. ಹೋದ ಸಂಕ್ರಾಂತಿಗೆ ಎಳ್ಳು ಕೊಡಲು ಬಂದಾಗ ಯಜಮಾನರು ಅವಳ ಕೈಯನ್ನೇ ನೋಡುತ್ತಿದ್ದರು. ಬಿರುಕಿಲ್ಲ. ತೊಟ್ಟಿ ತೊಳೆಯುವುದು ಯಾವಾಗ ಎಂದು ಕೇಳಿದರು. ಮೇಲಿನ ಎಣ್ಣೆಯನ್ನು ದಿನವೂ ಪಟ್ಟಿಯ ಯಂತ್ರ ಬಳಿದು ತೆಗೆಯುತ್ತದೆ, ಭಾನುವಾರವೂ ಸ್ವಲ್ಪ ಹೊತ್ತು ಪಂಪು ಓಡಿಸುತ್ತೇವೆ, ಪಾಳಿಗೊಮ್ಮೆ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಕಣ್ಣಿಗಿಟ್ಟು ಎಣ್ಣೆಯ ಪಾಲು ಎಷ್ಟಿದೆ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತೇವೆ ಎಂದಳು. ರಿಜಿಸ್ಟರು ಶುರು ಮಾಡಿಸಿದ್ದು ಇವಳೇ. ಮೊದಮೊದಲು ಗಂಡುಹುಡುಗರು ನಕ್ಕರಂತೆ.

“ನಿಂಗೆ ಎಷ್ಟು ಬರ್ತದಮ್ಮ?” ಎಂದರು ಯಜಮಾನರು.

“ಆರು, ಆರೂವರೆ ಅಂಕಲ್. ಐದಕ್ಕೆ ಇಳಿದ್ರೆ ತುಕ್ಕು ಶುರುವಾಗುತ್ತೆ.”

“ನೀರು?”

“ಬೋರ್ ನೀರು ಹಾಕೋದೇ ಇಲ್ಲ. ಫಿಲ್ಟರ್ ನೀರು.”

ಅವರು ಒಳಗೆ ಹೋಗಿ ತಮ್ಮ ಹಳೆಯ ಮೈಕ್ರೋಮೀಟರಿನ ಪೆಟ್ಟಿಗೆ ತಂದು ಅವಳ ಮುಂದಿಟ್ಟರು. ಆಮೇಲೆ ಇಬ್ಬರೂ ಮಾತಾಡಿಕೊಂಡದ್ದರಲ್ಲಿ ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ನಾನು ಕಾಫಿಗೆ ಹಾಲು ಕಾಯಿಸಲು ಎದ್ದೆ.