ಮೈನ್‌ಸ್ವೀಪರ್

ಮೈನ್‌ಸ್ವೀಪರ್ ಎಂಬುದು ಒಬ್ಬರೇ ಆಡುವ, ತರ್ಕವನ್ನು ಆಧರಿಸಿದ ಒಂದು ಗಣಕಯಂತ್ರದ ಆಟ. ಚೌಕಾಕಾರದ ಮನೆಗಳಿರುವ ಅಂಕಣದಲ್ಲಿ ಅಡಗಿರುವ ನೆಲಬಾಂಬ್‌ಗಳನ್ನು ಸಿಡಿಸದೆ, ಬಾಂಬ್ ಇಲ್ಲದ ಎಲ್ಲ ಮನೆಗಳನ್ನೂ ತೆರೆಯುವುದು ಈ ಆಟದ ಗುರಿ. 1992ರಲ್ಲಿ ಬಿಡುಗಡೆಯಾದ ವಿಂಡೋಸ್ 3.1 ಕಾರ್ಯಾಚರಣಾ ವ್ಯವಸ್ಥೆಯೊಂದಿಗೆ ಉಚಿತವಾಗಿ ದೊರೆತ ಕಾರಣ ಇದು ಮನೆ ಮತ್ತು ಕಚೇರಿಗಳ ಗಣಕಯಂತ್ರಗಳಲ್ಲಿ ವ್ಯಾಪಕವಾಗಿ ಹರಡಿತು. ಆಟದ ನಿಯಮಗಳು ಸರಳವಾಗಿವೆ. ಆದರೆ ತೆರೆದ ಮನೆಗಳ ಅಂಕಿಗಳಿಂದ ಮುಚ್ಚಿದ ಮನೆಗಳ ಬಗ್ಗೆ ಏನನ್ನು ಖಚಿತವಾಗಿ ಹೇಳಬಹುದು ಎಂಬ ಪ್ರಶ್ನೆಯು ಗಣಕ ವಿಜ್ಞಾನದ ಕಠಿಣ ಸಮಸ್ಯೆಗಳ ಸಾಲಿಗೆ ಸೇರುತ್ತದೆ.

ನಿಯಮಗಳು

ಆಟದ ಆರಂಭದಲ್ಲಿ ಎಲ್ಲ ಮನೆಗಳೂ ಮುಚ್ಚಿರುತ್ತವೆ. ಮೌಸ್‌ನ ಎಡಗುಂಡಿಯನ್ನು ಒತ್ತಿದರೆ ಮನೆ ತೆರೆಯುತ್ತದೆ. ಅದರಲ್ಲಿ ಬಾಂಬ್ ಇದ್ದರೆ ಆಟಗಾರ ಸೋಲುತ್ತಾನೆ. ಬಾಂಬ್ ಇಲ್ಲದಿದ್ದರೆ ಆ ಮನೆಯಲ್ಲಿ 1ರಿಂದ 8ರವರೆಗಿನ ಒಂದು ಅಂಕಿ ಕಾಣಿಸುತ್ತದೆ. ಸುತ್ತಲಿನ ಎಂಟು ಮನೆಗಳಲ್ಲಿ ಒಟ್ಟು ಎಷ್ಟು ಬಾಂಬ್‌ಗಳಿವೆ ಎಂಬುದನ್ನು ಆ ಅಂಕಿ ತಿಳಿಸುತ್ತದೆ. ಸುತ್ತಲೂ ಬಾಂಬ್ ಇಲ್ಲವೇ ಇಲ್ಲವಾದರೆ ಆ ಮನೆ ಖಾಲಿಯಾಗಿದ್ದು, ಅದರ ನೆರೆಯ ಮನೆಗಳೆಲ್ಲ ತಾವಾಗಿಯೇ ತೆರೆದುಕೊಳ್ಳುತ್ತವೆ. ಹೀಗಾಗಿ ಒಂದೇ ಒತ್ತಿಗೆ ಅಂಕಣದ ದೊಡ್ಡ ಭಾಗವೇ ತೆರೆಯುವುದುಂಟು.

ಬಾಂಬ್ ಇದೆಯೆಂದು ತೀರ್ಮಾನಿಸಿದ ಮನೆಯ ಮೇಲೆ ಮೌಸ್‌ನ ಬಲಗುಂಡಿಯಿಂದ ಬಾವುಟವನ್ನು ನೆಡಬಹುದು. ಒಂದು ಅಂಕಿಯ ಸುತ್ತ ಅಷ್ಟೇ ಸಂಖ್ಯೆಯ ಬಾವುಟಗಳನ್ನು ನೆಟ್ಟ ಬಳಿಕ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಉಳಿದ ನೆರೆಮನೆಗಳು ಒಮ್ಮೆಲೇ ತೆರೆಯುತ್ತವೆ. ಬಾವುಟ ನೆಡುವುದು ಕಡ್ಡಾಯವಲ್ಲ. ಬಾಂಬ್ ಇಲ್ಲದ ಮನೆಗಳೆಲ್ಲ ತೆರೆದರೆ ಗೆಲುವು ಸಿಗುತ್ತದೆ. ಅಂಕಣದ ಮೇಲ್ಭಾಗದಲ್ಲಿ ಉಳಿದ ಬಾಂಬ್‌ಗಳ ಎಣಿಕೆ, ಕಳೆದ ಸೆಕೆಂಡುಗಳ ಎಣಿಕೆ ಹಾಗೂ ಅವೆರಡರ ನಡುವೆ ಹಳದಿ ಬಣ್ಣದ ಮುಖವೊಂದು ಇರುತ್ತದೆ. ಗೆದ್ದಾಗ ಆ ಮುಖ ಕಪ್ಪು ಕನ್ನಡಕ ಧರಿಸುತ್ತದೆ.

ಮೊದಲ ಒತ್ತಿನಲ್ಲಿಯೇ ಆಟಗಾರ ಸೋಲುವಂತಿಲ್ಲ. ಹಳೆಯ ವಿಂಡೋಸ್ ಆವೃತ್ತಿಗಳಲ್ಲಿ ಮೊದಲು ಒತ್ತಿದ ಮನೆಯಲ್ಲಿ ಬಾಂಬ್ ಇದ್ದರೆ ಅದನ್ನು ಮೇಲಿನ ಎಡಮೂಲೆಗೆ, ಅಲ್ಲಿಯೂ ಬಾಂಬ್ ಇದ್ದರೆ ಅದರ ಮುಂದಿನ ಖಾಲಿ ಮನೆಗೆ ಸ್ಥಳಾಂತರಿಸಲಾಗುತ್ತಿತ್ತು.

ಹಂತಗಳು

ಆಟದಲ್ಲಿ ಮೂರು ನಿಗದಿತ ಹಂತಗಳಿವೆ.

ಆರಂಭಿಕ: 9×9 ಮನೆಗಳು, 10 ಬಾಂಬ್‌ಗಳು (ಹಳೆಯ ಆವೃತ್ತಿಗಳಲ್ಲಿ 8×8 ಮನೆಗಳು).
ಮಧ್ಯಮ: 16×16 ಮನೆಗಳು, 40 ಬಾಂಬ್‌ಗಳು.
ಪರಿಣತ: 30×16 ಮನೆಗಳು, 99 ಬಾಂಬ್‌ಗಳು.

ಆರಂಭಿಕ ಹಂತದಲ್ಲಿ ಶೇ. 12ರಷ್ಟು, ಮಧ್ಯಮದಲ್ಲಿ ಶೇ. 16ರಷ್ಟು ಮತ್ತು ಪರಿಣತದಲ್ಲಿ ಶೇ. 21ರಷ್ಟು ಮನೆಗಳಲ್ಲಿ ಬಾಂಬ್ ಇರುತ್ತದೆ. ಪರಿಣತ ಹಂತ ಕಠಿಣವಾಗಲು ಅಂಕಣದ ಗಾತ್ರದಷ್ಟೇ ಈ ಸಾಂದ್ರತೆಯೂ ಕಾರಣ. ಆಟಗಾರರು ತಮಗೆ ಬೇಕಾದ ಅಳತೆಯ ಅಂಕಣವನ್ನೂ ರೂಪಿಸಿಕೊಳ್ಳಬಹುದು.

ಇತಿಹಾಸ

ಅಡಗಿರುವ ಅಪಾಯವನ್ನು ತಪ್ಪಿಸಿಕೊಂಡು ಸಾಗುವ ಆಟಗಳು ಮನೆಬಳಕೆಯ ಗಣಕಯಂತ್ರಗಳಿಗಿಂತ ಹಳೆಯವು. 1970ರ ದಶಕದಲ್ಲಿ ಬೇಸಿಕ್ ಭಾಷೆಯಲ್ಲಿ ಬರೆಯಲಾದ 'ಕ್ಯೂಬ್' ಆಟದಲ್ಲಿ ಘನಾಕೃತಿಯೊಂದರ ಒಂದು ಮೂಲೆಯಿಂದ ಎದುರು ಮೂಲೆಗೆ ಬಾಂಬ್‌ಗಳನ್ನು ತಪ್ಪಿಸಿ ಹೋಗಬೇಕಿತ್ತು. ಅಲ್ಲಿ ಸುಳಿವುಗಳಿರಲಿಲ್ಲವಾದ್ದರಿಂದ ಅದು ಅದೃಷ್ಟದ ಆಟವಾಗಿತ್ತು. 1983ರಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಗಣಕಯಂತ್ರಕ್ಕಾಗಿ ಇಯಾನ್ ಆಂಡ್ರ್ಯೂ ರಚಿಸಿದ 'ಮೈನ್ಡ್-ಔಟ್' ಆಟವು ಪಕ್ಕದಲ್ಲಿರುವ ಬಾಂಬ್‌ಗಳ ಸಂಖ್ಯೆಯನ್ನು ಆಟಗಾರನಿಗೆ ತಿಳಿಸುತ್ತಿತ್ತು. 1985ರ ಎಂಎಸ್-ಡಾಸ್ ಆಟ 'ರಿಲೆಂಟ್‌ಲೆಸ್ ಲಾಜಿಕ್' ಕೂಡ ಇದೇ ಬಗೆಯದು. ಸುಳಿವಿನ ಅಂಕಿಗಳು ಬಂದ ಮೇಲೆ ಅದೃಷ್ಟದ ಆಟವು ತರ್ಕದ ಆಟವಾಯಿತು.

ಇಂದು ಪ್ರಚಲಿತವಾಗಿರುವ ರೂಪವನ್ನು ಸಿದ್ಧಪಡಿಸಿದವರು ಮೈಕ್ರೋಸಾಫ್ಟ್ ಸಂಸ್ಥೆಯ ಉದ್ಯೋಗಿಗಳಾಗಿದ್ದ ಕರ್ಟ್ ಜಾನ್ಸನ್ ಮತ್ತು ರಾಬರ್ಟ್ ಡೋನರ್. ಜಾನ್ಸನ್ ಇದನ್ನು ಓಎಸ್/2 ವ್ಯವಸ್ಥೆಗಾಗಿ ಬರೆದರು. ಡೋನರ್ ವಿಂಡೋಸ್‌ಗೆ ಅಳವಡಿಸಿದರು. 1990ರಲ್ಲಿ 'ವಿಂಡೋಸ್ ಎಂಟರ್‌ಟೈನ್‌ಮೆಂಟ್ ಪ್ಯಾಕ್' ಎಂಬ ಆಟಗಳ ಸಂಗ್ರಹದಲ್ಲಿ ಇದು ಮೊದಲು ಮಾರಾಟಕ್ಕೆ ಬಂತು. 1992ರಲ್ಲಿ ವಿಂಡೋಸ್ 3.1ರಲ್ಲಿ 'ರಿವರ್ಸಿ' ಆಟದ ಸ್ಥಾನವನ್ನು ಪಡೆಯಿತು. ವಿಂಡೋಸ್ 7ರವರೆಗೂ ಇದು ವ್ಯವಸ್ಥೆಯ ಭಾಗವಾಗಿಯೇ ಇತ್ತು. 2012ರ ವಿಂಡೋಸ್ 8ರಿಂದ ಅದನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕಾಯಿತು.

ತರ್ಕದ ವಿನ್ಯಾಸಗಳು

ಅನುಭವಿ ಆಟಗಾರರು ಪ್ರತಿ ಅಂಕಿಯನ್ನೂ ಬಿಡಿಯಾಗಿ ನೋಡದೆ ನೆರೆಯ ಅಂಕಿಗಳನ್ನು ಹೋಲಿಸುತ್ತಾರೆ. ಇಂತಹ ಎರಡು ವಿನ್ಯಾಸಗಳು ಪದೇಪದೇ ಎದುರಾಗುತ್ತವೆ.

1-1 ವಿನ್ಯಾಸ: ಅಂಕಣದ ಅಂಚಿನಿಂದ ಆರಂಭವಾಗಿ ಪಕ್ಕಪಕ್ಕದಲ್ಲಿ ಎರಡು 1ಗಳಿದ್ದು, ಮುಚ್ಚಿದ ಮನೆಗಳು ಅವುಗಳ ಮೇಲಿನ ಸಾಲಿನಲ್ಲಿ ಮಾತ್ರ ಇವೆ ಎಂದುಕೊಳ್ಳೋಣ. ಮೊದಲ 1ಕ್ಕೆ ತಾಗಿರುವುದು ಅ ಮತ್ತು ಆ ಎಂಬ ಎರಡು ಮನೆಗಳು. ಎರಡನೆಯ 1ಕ್ಕೆ ಅ, ಆ, ಇ ಎಂಬ ಮೂರು ಮನೆಗಳು ತಾಗಿವೆ. ಅ ಮತ್ತು ಆ ಮನೆಗಳಲ್ಲಿ ಒಂದು ಬಾಂಬ್ ಇದ್ದೇ ಇದೆ. ಆದ್ದರಿಂದ ಇ ಮನೆ ಸುರಕ್ಷಿತ.

1-2 ವಿನ್ಯಾಸ: 1ಕ್ಕೆ ಅ, ಆ, ಇ ಮನೆಗಳೂ ಅದರ ಪಕ್ಕದ 2ಕ್ಕೆ ಆ, ಇ, ಈ ಮನೆಗಳೂ ತಾಗಿವೆ ಎನ್ನೋಣ. ಆ ಮತ್ತು ಇ ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಬಾಂಬ್ ಇರಲಾರದು. ಹಾಗಾಗಿ 2ರ ಲೆಕ್ಕ ತುಂಬಬೇಕಾದರೆ ಈ ಮನೆಯಲ್ಲಿ ಬಾಂಬ್ ಇರಲೇಬೇಕು. ಆಗ ಮತ್ತೊಂದು ಬಾಂಬ್ ಆ ಅಥವಾ ಇ ಮನೆಯಲ್ಲಿರುತ್ತದೆ; ಅ ಮನೆ ಸುರಕ್ಷಿತವಾಗುತ್ತದೆ.

ಆಟದ ಕೊನೆಯ ಹಂತದಲ್ಲಿ ಉಳಿದ ಬಾಂಬ್‌ಗಳ ಎಣಿಕೆಯೂ ಸುಳಿವಾಗುತ್ತದೆ. ಅಂಕಿಗಳಿಂದ ಬಗೆಹರಿಯದ ಮೂಲೆಯೊಂದು ಈ ಎಣಿಕೆಯಿಂದ ಬಗೆಹರಿಯಬಹುದು.

ಊಹೆ ಮತ್ತು ಸಂಭವನೀಯತೆ

ಎಲ್ಲ ಅಂಕಣಗಳನ್ನೂ ಕೇವಲ ತರ್ಕದಿಂದ ಪೂರ್ಣಗೊಳಿಸಲು ಸಾಧ್ಯವಿಲ್ಲ. ಎರಡು ಮುಚ್ಚಿದ ಮನೆಗಳ ಪೈಕಿ ಒಂದರಲ್ಲಿ ಬಾಂಬ್ ಇದೆ, ಯಾವುದರಲ್ಲಿ ಎಂಬುದನ್ನು ಯಾವ ಅಂಕಿಯೂ ಹೇಳದು ಎಂಬ ಸ್ಥಿತಿ ಬರುವುದುಂಟು. ಅಲ್ಲಿ ಎಷ್ಟು ಯೋಚಿಸಿದರೂ ಅವಕಾಶ ಸಮಸಮವಾಗಿಯೇ ಉಳಿಯುತ್ತದೆ. ಮುಂದೆ ಹೊಸ ಸುಳಿವು ಬರುವಂತಿಲ್ಲವಾದರೆ ಅಂತಹ ಊಹೆಯನ್ನು ಮುಂದೂಡಿ ಪ್ರಯೋಜನವಿಲ್ಲ. ಸೋಲುವುದಿದ್ದರೆ ಬೇಗ ಸೋತು ಸಮಯ ಉಳಿಸಿಕೊಳ್ಳಬಹುದು.

ಬೇರೆ ಸಂದರ್ಭಗಳಲ್ಲಿ ಊಹೆಗೂ ಲೆಕ್ಕವಿದೆ. ಪರಿಣತ ಹಂತದಲ್ಲಿ ಬಾಂಬ್‌ಗಳು ಯಾದೃಚ್ಛಿಕವಾಗಿ ಹಂಚಿಕೆಯಾಗಿದ್ದರೆ, ಸುರಕ್ಷಿತವಾದ ಮೂಲೆಯ ಮನೆಯೊಂದು ಖಾಲಿಯಾಗಿರುವ ಸಂಭವನೀಯತೆ ಸುಮಾರು ಶೇ. 50. ಅಂಚಿನ ಮನೆಗೆ ಅದು ಸುಮಾರು ಶೇ. 31, ನಡುವಿನ ಮನೆಗೆ ಸುಮಾರು ಶೇ. 15. ಮೂಲೆಗೆ ಮೂರು, ಅಂಚಿಗೆ ಐದು, ನಡುವಿಗೆ ಎಂಟು ನೆರೆಮನೆಗಳಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಅಂತೆಯೇ ಅಂಕಿಗಳಿಗೆ ಹೊಂದುವ ಎರಡು ಜೋಡಣೆಗಳಲ್ಲಿ ಒಂದಕ್ಕೆ ಒಂದು ಬಾಂಬ್ ಕಡಿಮೆ ಸಾಕಾದರೆ, ಎರಡೂ ಸಮಾನವೆಂದು ತಿಳಿಯುವುದು ತಪ್ಪು. ಉಳಿದ ಬಾಂಬ್‌ಗಳನ್ನು ಮಿಕ್ಕ ಮನೆಗಳಲ್ಲಿ ಹಂಚುವ ವಿಧಗಳು ಕಡಿಮೆ ಬಾಂಬ್‌ಗಳ ಜೋಡಣೆಯಲ್ಲಿ ಹೆಚ್ಚು. ಐದು ಮನೆಗಳಿಗೆ ಒಂದು ಬಾಂಬ್ ಎಂಬ ಸಾಂದ್ರತೆಯಲ್ಲಿ ಅಂತಹ ಜೋಡಣೆಯು ಸುಮಾರು ನಾಲ್ಕು ಪಟ್ಟು ಹೆಚ್ಚು ಸಂಭವನೀಯ.

ಗಣಕ ವಿಜ್ಞಾನದಲ್ಲಿ

2000ದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಗಣಿತಜ್ಞ ರಿಚರ್ಡ್ ಕೇ ಅವರು, ಭಾಗಶಃ ತೆರೆದ ಅಂಕಣವೊಂದರ ಅಂಕಿಗಳಿಗೆ ಹೊಂದುವಂತೆ ಬಾಂಬ್‌ಗಳನ್ನು ಇರಿಸಲು ಸಾಧ್ಯವೇ ಎಂದು ನಿರ್ಧರಿಸುವ ಸಮಸ್ಯೆ 'ಎನ್‌ಪಿ-ಪೂರ್ಣ' ವರ್ಗಕ್ಕೆ ಸೇರಿದ್ದೆಂದು ಸಾಧಿಸಿದರು. ಇಂತಹ ಸಮಸ್ಯೆಗೆ ಉತ್ತರ ಕೊಟ್ಟರೆ ಸರಿಯೇ ಎಂದು ಬೇಗ ಪರಿಶೀಲಿಸಬಹುದು. ಆದರೆ ಉತ್ತರವನ್ನು ಹುಡುಕುವ ವೇಗದ ಸಾಮಾನ್ಯ ವಿಧಾನ ಯಾರಿಗೂ ತಿಳಿದಿಲ್ಲ. ಮನೆಗಳನ್ನು ಜಾಣತನದಿಂದ ಜೋಡಿಸಿ ವಿದ್ಯುನ್ಮಂಡಲದ ತಂತಿಗಳನ್ನೂ ತರ್ಕದ್ವಾರಗಳನ್ನೂ ಅನುಕರಿಸಬಹುದು ಎಂಬುದನ್ನು ಅವರು ತೋರಿಸಿದರು. ಇಂತಹ ಸಮಸ್ಯೆಗಳಿಗೆ ವೇಗದ ವಿಧಾನವಿದೆಯೇ ಎಂಬ 'ಪಿ ಮತ್ತು ಎನ್‌ಪಿ' ಪ್ರಶ್ನೆಗೆ ಕ್ಲೇ ಗಣಿತ ಸಂಸ್ಥೆಯು ಅದೇ ವರ್ಷ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿತು.

ಆಟಗಾರನಿಗೆ ಎದುರಾಗುವ ಪ್ರಶ್ನೆ ಇದಕ್ಕಿಂತ ತುಸು ಭಿನ್ನ. ಅಂಕಣಕ್ಕೆ ಪರಿಹಾರವಿದೆ ಎಂಬುದು ಅವನಿಗೆ ಮೊದಲೇ ಗೊತ್ತು. ಈಗ ಖಚಿತವಾಗಿ ಹೇಳಬಹುದಾದ ಮನೆ ಇದೆಯೇ ಎಂಬುದಷ್ಟೇ ತಿಳಿಯಬೇಕು. 2011ರಲ್ಲಿ ಪ್ರಕಟವಾದ ಸಂಶೋಧನಾ ಪ್ರಬಂಧವೊಂದು ಈ ಪ್ರಶ್ನೆಯೂ ಅಷ್ಟೇ ಕಠಿಣವೆಂದು ತೋರಿಸಿದೆ. ಆದರೂ ನಿಗದಿತ ಮೂರು ಹಂತಗಳಲ್ಲಿ ಬರುವ ಹೆಚ್ಚಿನ ಸನ್ನಿವೇಶಗಳು ಚಿಕ್ಕವಾದ್ದರಿಂದ ಮನುಷ್ಯರು ಅವನ್ನು ಕೆಲವೇ ಕ್ಷಣಗಳಲ್ಲಿ ಬಿಡಿಸುತ್ತಾರೆ.

ಟೀಕೆ

ನೆಲಬಾಂಬ್ ನಿಜ ಜಗತ್ತಿನಲ್ಲಿ ಯುದ್ಧ ಮುಗಿದ ಎಷ್ಟೋ ವರ್ಷಗಳ ಬಳಿಕವೂ ರೈತರನ್ನೂ ಮಕ್ಕಳನ್ನೂ ಕೊಲ್ಲುವ ಆಯುಧ. ಮನುಷ್ಯರ ವಿರುದ್ಧ ಬಳಸುವ ನೆಲಬಾಂಬ್‌ಗಳನ್ನು ನಿಷೇಧಿಸುವ ಒಟ್ಟಾವಾ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಲಾಗಿದ್ದು, 1999ರಲ್ಲಿ ಅದು ಜಾರಿಗೆ ಬಂತು. ಅದನ್ನು ಆಟದ ವಸ್ತುವಾಗಿಸುವುದು ಗಾಯಾಳುಗಳಿಗೆ ಮಾಡುವ ಅವಮಾನವೆಂದು ಇಟಲಿಯಲ್ಲಿ ಆರಂಭವಾದ ಅಭಿಯಾನವೊಂದು ಆಕ್ಷೇಪಿಸಿತು. ವಿಂಡೋಸ್ 2000ದ ಇಟಾಲಿಯನ್ ಆವೃತ್ತಿಯಲ್ಲಿ ಬಾಂಬ್‌ಗಳ ಬದಲು ಹೂಗಳಿದ್ದವು. ವಿಂಡೋಸ್ ವಿಸ್ಟಾದಲ್ಲಿ ಹೂದೋಟದ ರೂಪವನ್ನು ಆಯ್ದುಕೊಳ್ಳುವ ಅವಕಾಶವಿತ್ತು. ಬಾಂಬ್ ಹೂವಾದರೂ ಆಟದ ಲೆಕ್ಕ ಬದಲಾಗುವುದಿಲ್ಲ.

ಇತರ ಆವೃತ್ತಿಗಳು

ಲಿನಕ್ಸ್ ವ್ಯವಸ್ಥೆಗಳಲ್ಲಿ 'ಗ್ನೋಮ್ ಮೈನ್ಸ್' ಮತ್ತು 'ಕೆಮೈನ್ಸ್' ಎಂಬ ಮುಕ್ತ ತಂತ್ರಾಂಶಗಳು ದೊರೆಯುತ್ತವೆ. ಸೈಮನ್ ಟ್ಯಾಥಮ್ ಅವರ ಒಗಟುಗಳ ಸಂಗ್ರಹದಲ್ಲಿರುವ 'ಮೈನ್ಸ್' ಆಟವು ಊಹೆಯ ಅಗತ್ಯವೇ ಬಾರದಂತಹ ಅಂಕಣಗಳನ್ನು ರಚಿಸುತ್ತದೆ. ಅಲ್ಲಿ ಸೋತರೆ ಅದು ಆಟಗಾರನ ತಪ್ಪೇ ಹೊರತು ಅದೃಷ್ಟದ್ದಲ್ಲ. ವೇಗದ ದಾಖಲೆಗಾಗಿ ಆಡುವವರು ಅಂಕಣದ ಕಷ್ಟವನ್ನು '3ಬಿವಿ' ಎಂಬ ಮಾನದಿಂದ ಅಳೆಯುತ್ತಾರೆ. ಬಾವುಟಗಳಿಲ್ಲದೆ ಅಂಕಣವನ್ನು ಪೂರ್ಣಗೊಳಿಸಲು ಬೇಕಾದ ಕನಿಷ್ಠ ಒತ್ತುಗಳ ಸಂಖ್ಯೆಯೇ ಅದು.