ಹೆಣ್ಣು ಕಳುಹಿಸುವಾಗ ಎರಚುವ ಅಕ್ಷತೆ

ಕರಿಘಟ್ಟದ ಮೆಟ್ಟಲುಗಳನ್ನು ಹತ್ತಿ ಶ್ರೀನಿವಾಸನ ಗುಡಿಯ ಮುಂದೆ ನಿಂತರೆ, ಕೆಳಗೆ ಹರಿಯುವ ಲೋಕಪಾವನಿಯೂ ಅದು ಸೇರುವ ಕಾವೇರಿಯೂ ಸುತ್ತಲಿನ ಗದ್ದೆಗಳೂ ಕಣ್ಣಿಗೆ ಬೀಳುತ್ತವೆ. ಈ ಸೀಮೆಯ ಗದ್ದೆಗಳ ಹಸುರು ನಿನ್ನೆ ಮೊನ್ನೆಯದಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಗುವುದಕ್ಕೆ ಬಹಳ ಮುಂಚೆ, 17ನೆಯ ಶತಮಾನದಲ್ಲಿಯೇ ಮೈಸೂರು ಅರಸರು ಕಾವೇರಿಗೆ ಅಡ್ಡಗಟ್ಟೆ ಹಾಕಿಸಿ ನಾಲೆಗಳನ್ನು ತೆಗೆಸಿದ್ದರು. ಆದರೆ ನಾಲೆಯ ನೀರು ಹತ್ತದ ನಾಗಮಂಗಲದ ಕಡೆಯ ಹೊಲಗಳಲ್ಲಿ ರಾಗಿಯದೇ ರಾಜ್ಯ. ಅಲ್ಲಿನ ಒಕ್ಕಲು ಮನೆಗಳಲ್ಲಿ ಅನ್ನವೆಂದರೆ ಹಬ್ಬದ ಊಟ, ಮದುವೆಯ ಊಟ. ಹೀಗಿದ್ದ ಮೇಲೆ ಮದುವೆಯ ಶಾಸ್ತ್ರಗಳಲ್ಲಿ ಅಕ್ಕಿಗೆ ಅಷ್ಟು ಮರ್ಯಾದೆ ಸಂದದ್ದು ಸಹಜವೇ ಸರಿ.

ಹೆಣ್ಣು ಒಪ್ಪಿಸಿಕೊಡುವ ಶಾಸ್ತ್ರವನ್ನು ನೋಡಿ. ಮಗಳ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ವೀಳ್ಯದೆಲೆ, ಅಡಕೆ, ಅರಿಸಿನದ ಕೊಂಬು ತುಂಬುತ್ತಾರೆ. ಅದರಲ್ಲಿ ನೆಲಕ್ಕೆ ಬೀಳುವುದು ಒಂದೂ ಇಲ್ಲ. ಎಲ್ಲವೂ ಗಂಡನ ಮನೆಯ ಅಡಿಗೆಗೆ ಸಲ್ಲುತ್ತದೆ. ಅಕ್ಷತೆಯೂ ಒಂದು ಚಿಟಿಕೆಯದೇ. ನೆಲಕ್ಕೆ ಉದುರಿದ್ದನ್ನು ಕೋಳಿ, ಗುಬ್ಬಿಗಳು ಆರಿಸಿಕೊಳ್ಳುತ್ತಿದ್ದವು. ಚಪ್ಪರದ ಸೊಪ್ಪು, ಬಾಳೆಕಂದು, ಮಾವಿನ ತೋರಣ, ಉಂಡ ಎಲೆ ಎಲ್ಲ ಮರುದಿನ ತಿಪ್ಪೆ ಸೇರಿ, ಮುಂದೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿದ್ದವು. ದಿಬ್ಬಣದ ಗಾಡಿಯ ಎತ್ತುಗಳು ದಾರಿಯಲ್ಲಿ ಬಿಟ್ಟದ್ದಕ್ಕೂ ಬೆಲೆಯಿತ್ತು! ಇದನ್ನು ಪರಿಸರ ರಕ್ಷಣೆ ಎಂದು ಯಾರೂ ಕರೆಯಲಿಲ್ಲ. ಬಿಸಾಡುವಷ್ಟು ಸಾಮಾನು ಯಾರ ಬಳಿಯೂ ಇರಲಿಲ್ಲ, ಅಷ್ಟೆ.

ಈಚಿನ ದಿಬ್ಬಣಗಳಲ್ಲಿ ವಧೂವರರು ಕಾರು ಹತ್ತುವಾಗ ಢಮ್ಮೆಂದು ಸಿಡಿಯುವ ಕೊಳವೆಗಳಿಂದ ಮಿನುಗುವ ಚೂರುಗಳು ಹಾರುತ್ತವೆ. ಬಂಗಾರದಂತೆ ಹೊಳೆಯುವ ಈ ಚೂರು ಅನೇಕ ವೇಳೆ ಪ್ಲಾಸ್ಟಿಕ್ಕೇ. ಅದು ಗೊಬ್ಬರವಾಗುವುದಿಲ್ಲ, ಗುಡಿಸಿದರೂ ಪೂರ್ತಿ ಸಿಕ್ಕುವುದಿಲ್ಲ. ಹೊಳೆಯ ದಡದ ಊರಿನಲ್ಲಿ ಒಂದು ಮಳೆ ಬಂದರೆ ಸಾಕು, ಚರಂಡಿಯ ದಾರಿ ಹಿಡಿದು ನೀರಿಗೆ ಇಳಿಯುತ್ತದೆ. ಕರ್ನಾಟಕ ಸರಕಾರ 2016ರಲ್ಲಿ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಥರ್ಮೊಕೋಲಿನ ಅಲಂಕಾರ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ತಟ್ಟೆ ಲೋಟಗಳು, ಲಗ್ನಪತ್ರಿಕೆಗೆ ಸುತ್ತುವ ಹಾಳೆ ಸಹ ಸೇರಿವೆ. ಮದುವೆ ಮನೆಯ ಸಾಮಾನಿನ ಪಟ್ಟಿಯನ್ನೇ ಓದಿದಂತಿದೆ.

ಹಾಗಾದರೆ ಅಕ್ಕಿಯಿಂದ ಹಕ್ಕಿಗಳು ಸಾಯುತ್ತವೆಂಬ ಮಾತೇನು? ಇದು ಹೊರಗಿನಿಂದ ಬಂದ ಭಯ. 1985ರಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಶಾಸನಸಭೆಯಲ್ಲಿ ಮದುವೆಗಳಲ್ಲಿ ಹಸಿಯಕ್ಕಿ ಎರಚಬಾರದೆಂದು ಒಂದು ಮಸೂದೆಯನ್ನೇ ತಂದಿದ್ದರು. ಅಕ್ಕಿ ಹೊಟ್ಟೆಯಲ್ಲಿ ಉಬ್ಬಿ ಹಕ್ಕಿ ಸಾಯುತ್ತದೆಂದು ಅವರ ವಾದ. ಪಕ್ಷಿಶಾಸ್ತ್ರಜ್ಞರು ಇದನ್ನು ಅಲ್ಲಗಳೆದರು. ಗದ್ದೆಯ ಭತ್ತಕ್ಕೆ ಗೀಜಗನ ಹಿಂಡು ಎರಗುವುದನ್ನು ಕಂಡ ನಮ್ಮ ರೈತನನ್ನು ಕೇಳಿದ್ದರೆ ಆ ಮಸೂದೆಯ ಶ್ರಮ ಉಳಿಯುತ್ತಿತ್ತು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು ಈ ಗದ್ದೆಗಳ ನೆರೆಯಲ್ಲಿಯೇ ಇದೆ.

ಅಕ್ಷತೆಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಅಕ್ಕಿ? 1965ರಲ್ಲಿ ಆಹಾರದ ಕೊರತೆ ತಲೆದೋರಿದಾಗ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ಅದರ ಮರುವರ್ಷ, 1966ರಲ್ಲಿ, ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಪುರೋಹಿತರ ಹಂಗಿಲ್ಲ, ಆಡಂಬರವಿಲ್ಲ, ವಧೂವರರು ಅರ್ಥ ತಿಳಿದು ಹೇಳುವ ಮಾತುಗಳೇ ಮಂತ್ರ. ಅವರ ಮನಸ್ಸಿನಲ್ಲಿದ್ದುದು ಕಸದ ಚಿಂತೆಯಲ್ಲ, ಸಮಾನತೆ ಮತ್ತು ಸಾಲದ ಚಿಂತೆ. ಆದರೂ ಇಂಥ ಮದುವೆಯ ಹಿಂದೆ ಉಳಿಯುವ ಕಸ ಎಷ್ಟಿರಬಹುದೆಂದು ಲೆಕ್ಕ ಹಾಕುವುದು ಕಷ್ಟವಲ್ಲ.

ಎಲ್ಲರೂ ಅಷ್ಟು ದೂರ ಹೋಗಲಾರರು. ಓಲಗವಿಲ್ಲದ ಮದುವೆಗೆ ಅಜ್ಜಿಯರು ಒಪ್ಪುವುದೂ ಇಲ್ಲ. ಅವರಿಗೆ ಅರಿಸಿನದ ಅಕ್ಷತೆ ಒಂದು ಚಿಟಿಕೆ, ಬಿಡಿಹೂವು ಒಂದು ಬುಟ್ಟಿ ಸಾಕು. ಹೂವಿನ ಎಸಳನ್ನು ಮರುದಿನ ಗಿಡದ ಬುಡಕ್ಕೆ ಸುರಿಯಬಹುದು. ತಾಂಬೂಲದ ಜೊತೆಗೆ ಸಸಿ ಕೊಡುವ ಹೊಸ ಪದ್ಧತಿಯ ಬಗ್ಗೆ ಮಾತ್ರ ನನಗೆ ಅನುಮಾನ. ಬೆಂಗಳೂರಿನ ಮೂರನೆಯ ಮಹಡಿಯ ಬಾಡಿಗೆ ಮನೆಗೆ ಹಿಂದಿರುಗುವ ನೆಂಟರು ಹೊಂಗೆಯ ಸಸಿಯನ್ನು ಎಲ್ಲಿ ನೆಟ್ಟಾರು? ಅವರ ಕೈಗೆ ಒಂದು ತೆಂಗಿನಕಾಯಿ, ಬಟ್ಟೆಯ ಚೀಲದಲ್ಲಿ ಒಂದು ಸೇರು ಅಕ್ಕಿ ಕೊಟ್ಟರೆ ಮರುದಿನವೇ ಉಣ್ಣುತ್ತಾರೆ, ಚೀಲ ಸಂತೆಗೆ ಬರುತ್ತದೆ.