ವಿಷಯ ಭಂಡಾರದಲ್ಲಿ ಕಡತ ಸೃಷ್ಟಿ: ಪ್ರೋಗ್ರಾಂ ಮಾಡಬೇಕಾದ್ದೇನು?

ದಿನಕ್ಕೆ 12 ಪುಟಗಳ ಒಂದು ಪತ್ರಿಕೆ. ವರ್ಷಕ್ಕೆ ಸುಮಾರು 360 ಸಂಚಿಕೆ. 30 ವರ್ಷಗಳ ಹಳೆಯ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿದರೆ ದೊರೆಯುವ ಕಡತಗಳ ಸಂಖ್ಯೆ 1,29,600. ಸಿಬ್ಬಂದಿ ಇವನ್ನು ಒಂದೊಂದಾಗಿ ಆರಿಸಿ, ಹೆಸರು ಕೊಟ್ಟು ಗಣಕಕ್ಕೆ ಏರಿಸಲು ತಲಾ ಒಂದು ನಿಮಿಷ ಹಿಡಿದರೂ 2,160 ಗಂಟೆ, ಅಂದರೆ ದಿನಕ್ಕೆ 8 ಗಂಟೆಯಂತೆ 270 ದಿನ ಬೇಕು. ಆದ್ದರಿಂದ ಈ ಕೆಲಸವನ್ನು ಪ್ರೋಗ್ರಾಂಗೆ ಒಪ್ಪಿಸುವುದು ಸಹಜ. ಆದರೆ ಅವಸರದಲ್ಲಿ ಬರೆದ ಪ್ರೋಗ್ರಾಂ ಅಷ್ಟೂ ಕಡತಗಳನ್ನು ಒಳಗೆ ಸೇರಿಸಿ, ಹುಡುಕಿದಾಗ ಒಂದೂ ಸಿಗದಂತೆ ಮಾಡಿಬಿಡಬಲ್ಲದು.

ಕಾರಣವಿಷ್ಟೆ. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂದು ಕರೆಯಲಾಗುವ ವಿಷಯ ನಿರ್ವಹಣಾ ವ್ಯವಸ್ಥೆಗಳ ಭಂಡಾರವು ಗಣಕದ ಸಾಮಾನ್ಯ ಫೋಲ್ಡರ್‌ನಂತಲ್ಲ. 2005ರಲ್ಲಿ ಸ್ಥಾಪನೆಯಾದ ಆಲ್‌ಫ್ರೆಸ್ಕೊ ಎಂಬ ಮುಕ್ತ ತಂತ್ರಾಂಶವನ್ನೇ ಉದಾಹರಣೆಯಾಗಿ ನೋಡಬಹುದು. ಅದರ ಸರ್ವರ್‌ನ ಡಿಸ್ಕ್ ತೆರೆದರೆ ಬಳಕೆದಾರರು ಕೊಟ್ಟ ಹೆಸರುಗಳು ಎಲ್ಲಿಯೂ ಕಾಣುವುದಿಲ್ಲ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷಗಳ ಪ್ರಕಾರ ಒಂದರೊಳಗೊಂದು ಕೋಶಗಳು. ಅವುಗಳೊಳಗೆ ಉದ್ದನೆಯ ಗುರುತುಸಂಖ್ಯೆಯನ್ನೇ ಹೆಸರಾಗಿ ಹೊತ್ತ 'ಬಿನ್' ಕಡತಗಳು ಮಾತ್ರ. ಕಡತದ ನಿಜವಾದ ಹೆಸರು, ಅದು ಯಾವ ಫೋಲ್ಡರ್‌ಗೆ ಸೇರಿದೆ, ಯಾರು ಓದಬಹುದು ಎಂಬ ವಿವರಗಳೆಲ್ಲ ಡೇಟಾಬೇಸ್‌ನಲ್ಲಿರುತ್ತವೆ. ಹುಡುಕಾಟಕ್ಕೆ ನೆರವಾಗುವ ಸೂಚಿ ಮೂರನೆಯ ಕಡೆ ಇರುತ್ತದೆ.

ಹೀಗಾಗಿ ಡಿಸ್ಕ್‌ಗೆ ನೇರವಾಗಿ ನಕಲು ಮಾಡಿದ ಕಡತ, ಪರಿಗ್ರಹಣ ಸಂಖ್ಯೆ ಬೀಳದೆ ಗ್ರಂಥಾಲಯದ ಕಪಾಟಿಗೆ ಸೇರಿದ ಪುಸ್ತಕದಂತೆ. ಅಲ್ಲಿ ಇದೆ, ಆದರೆ ದಾಖಲೆಯಲ್ಲಿಲ್ಲ. ಭಂಡಾರದಲ್ಲಿ ಕಡತ ಸೃಷ್ಟಿಸುವುದೆಂದರೆ ಮೊದಲು ದಾಖಲೆಯಲ್ಲಿ ಒಂದು ನೋಡ್ ಸೃಷ್ಟಿಸಿ, ಅನಂತರ ಅದಕ್ಕೆ ವಿಷಯವನ್ನು ತುಂಬುವುದು.

ಎರಡು ಮಾದರಿಗಳು

ಜಾವಾ ಲೋಕದಲ್ಲಿ ಇದಕ್ಕೊಂದು ಸಾಮಾನ್ಯ ನಿಯಮಾವಳಿ ರೂಪುಗೊಂಡಿದ್ದು 2005ರಲ್ಲಿ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಡೇ ಸಾಫ್ಟ್‌ವೇರ್ ಕಂಪನಿಯ ಡೇವಿಡ್ ನ್ಯೂಷೆಲರ್ ಮುಂದಾಳತ್ವದಲ್ಲಿ ಸಿದ್ಧವಾದ ಇದರ ಹೆಸರು ಜೆಎಸ್‌ಆರ್-170. (ಆ ಕಂಪನಿಯನ್ನು 2010ರಲ್ಲಿ ಅಡೋಬಿ ಕೊಂಡುಕೊಂಡಿತು.) ಇದರ ಪ್ರಕಾರ 'ಎನ್‌ಟಿ:ಫೈಲ್' ಎಂಬ ನೋಡ್ ಕಡತದ ಹೊರಕವಚ ಮಾತ್ರ. ಅದರಡಿ 'ಜೆಸಿಆರ್:ಕಂಟೆಂಟ್' ಎಂಬ ಮರಿ ನೋಡ್ ಇರಲೇಬೇಕು. ಕಡತದ ಬೈಟ್‌ಗಳು ಮತ್ತು ಅದು ಯಾವ ಬಗೆಯದೆಂಬ ವಿವರ ಅಲ್ಲಿರುತ್ತವೆ. ಇಷ್ಟೆಲ್ಲ ಮಾಡಿ ಕೊನೆಯಲ್ಲಿ 'ಸೆಷನ್.ಸೇವ್' ಎಂಬ ಆದೇಶ ಕೊಡಲು ಮರೆತರೆ ಏನೂ ಉಳಿಯುವುದಿಲ್ಲ. ಪ್ರೋಗ್ರಾಂ ದೋಷ ತೋರಿಸದೆ ಮುಗಿಯುತ್ತದೆ, ಭಂಡಾರ ಮಾತ್ರ ಖಾಲಿ! ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಆಲ್‌ಫ್ರೆಸ್ಕೊದ ಜಾವಾ ಸೇವೆಗಳಲ್ಲಿ ಕ್ರಮ ಸ್ವಲ್ಪ ಬೇರೆ. 'ಫೈಲ್‌ಫೋಲ್ಡರ್‌ಸರ್ವಿಸ್' ಮೂಲಕ ಹೆಸರು ಮತ್ತು ಬಗೆ ಹೇಳಿ ಕಡತವನ್ನು ಸೃಷ್ಟಿಸಬೇಕು. ಬಳಿಕ 'ಕಂಟೆಂಟ್‌ಸರ್ವಿಸ್' ಕೊಡುವ ರೈಟರ್ ಪಡೆದು, ಅದಕ್ಕೆ ಕಡತದ ಬಗೆ ಹಾಗೂ ಅಕ್ಷರ ಸಂಕೇತ ತಿಳಿಸಿ ವಿಷಯ ಬರೆಯಬೇಕು. ಹೆಸರಿನಲ್ಲಿ ಓರೆಗೆರೆ, ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ ಮುಂತಾದುವು ಸಲ್ಲವು. ಪುಟಕ್ಕೆ '12/08/1987' ಎಂದು ದಿನಾಂಕವನ್ನೇ ಹೆಸರಿಡಲು ಹೊರಟ ಪ್ರೋಗ್ರಾಂ ಮೊದಲ ಕಡತದಲ್ಲೇ ನಿಂತುಬಿಡುತ್ತದೆ. ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಕಡತಗಳಿಗೂ ಎಡೆಯಿಲ್ಲ.

ದಿನಾಂಕದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕಡತ ಸೃಷ್ಟಿಯಾದ ದಿನ ಮತ್ತು ಸೃಷ್ಟಿಸಿದವರ ಹೆಸರನ್ನು ವ್ಯವಸ್ಥೆಯೇ ತುಂಬಿಕೊಳ್ಳುತ್ತದೆ. 1987ರ ಪುಟಕ್ಕೂ ಅದು ಇಂದಿನ ದಿನಾಂಕವನ್ನೇ ಬರೆಯುತ್ತದೆ; ಪ್ರೋಗ್ರಾಂ 'ಅಡ್ಮಿನ್' ಖಾತೆಯಲ್ಲಿ ಓಡಿದ್ದರೆ ಎಲ್ಲ ಪುಟಗಳ ಕರ್ತೃವೂ ಅಡ್ಮಿನ್ ಆಗುತ್ತಾನೆ. ಆದ್ದರಿಂದ ಪ್ರಕಟಣೆಯ ದಿನಾಂಕಕ್ಕೆ ಮೊದಲೇ ಪ್ರತ್ಯೇಕ ಗುಣವೊಂದನ್ನು ವ್ಯಾಖ್ಯಾನಿಸಿಕೊಂಡು, ಕಡತ ಸೃಷ್ಟಿಸುವಾಗಲೇ ಅದನ್ನು ತುಂಬುವುದು ಒಳಿತು. ಲಕ್ಷ ಪುಟ ಏರಿಸಿದ ಮೇಲೆ ಈ ಕೆಲಸಕ್ಕೆ ಕೈಹಾಕುವುದು ಎರಡು ಪಟ್ಟು ದುಡಿಮೆ.

ಕನ್ನಡದ ತೊಡಕು

ಕನ್ನಡ ಪಠ್ಯವನ್ನು ಭಂಡಾರಕ್ಕೆ ಸೇರಿಸುವವರಿಗೆ ಬೇರೆಯದೇ ಪರೀಕ್ಷೆ ಕಾದಿರುತ್ತದೆ. ಯುನಿಕೋಡ್ ಪ್ರಕಾರ 'ಕನ್ನಡ' ಎಂಬ ಪದದಲ್ಲಿ ಒತ್ತಕ್ಷರಕ್ಕೆ ಬೇಕಾದ ವಿರಾಮ ಚಿಹ್ನೆಯೂ ಸೇರಿ 5 ಸಂಕೇತಗಳಿವೆ. ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ 3 ಬೈಟ್ ಬೇಕಾದ್ದರಿಂದ ಒಟ್ಟು 15 ಬೈಟ್. ಇಂಗ್ಲಿಷ್ ಪಠ್ಯದಲ್ಲಿ ಅಕ್ಷರಗಳ ಎಣಿಕೆಯೂ ಬೈಟ್‌ಗಳ ಎಣಿಕೆಯೂ ಒಂದೇ ಆಗಿರುವುದರಿಂದ, ಗಾತ್ರ ಕೇಳಿದಾಗ ಅಕ್ಷರಗಳನ್ನು ಎಣಿಸಿ ಕೊಡುವ ಪ್ರೋಗ್ರಾಂನ ತಪ್ಪು ಅಲ್ಲಿ ಬೆಳಕಿಗೆ ಬರುವುದೇ ಇಲ್ಲ. ಕನ್ನಡದಲ್ಲಿ ಅದು ಲೇಖನದ ಮೂರನೇ ಎರಡು ಭಾಗವನ್ನು ಕತ್ತರಿಸಿ ಹಾಕೀತು.

ಅಕ್ಷರ ಸಂಕೇತವನ್ನು ಸ್ಪಷ್ಟವಾಗಿ ಹೇಳದಿದ್ದಾಗ ಜಾವಾ ಏನು ಮಾಡುತ್ತದೆ ಎಂಬುದು ಹಿಂದೆ ಆಯಾ ಗಣಕದ ಕಾರ್ಯಾಚರಣಾ ವ್ಯವಸ್ಥೆಯನ್ನು ಅವಲಂಬಿಸಿತ್ತು. 2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಆಯ್ಕೆಯಾಗುತ್ತದೆ. ಅದಕ್ಕೂ ಹಿಂದಿನ ಆವೃತ್ತಿಗಳು ಅನೇಕ ಸರ್ವರ್‌ಗಳಲ್ಲಿ ಇನ್ನೂ ಓಡುತ್ತಿವೆ. ಅಂಥ ಕಡೆ ಬರೆಯುವವರ ಮೇಜಿನ ಗಣಕದಲ್ಲಿ ಸರಿಯಾಗಿದ್ದ ಪ್ರೋಗ್ರಾಂ, ಸರ್ವರ್‌ಗೆ ಹೋದೊಡನೆ ಕನ್ನಡದ ಒಂದೊಂದು ಸಂಕೇತವನ್ನೂ ಪ್ರಶ್ನಾರ್ಥಕ ಚಿಹ್ನೆಯಾಗಿ ಬರೆಯುವುದುಂಟು. ಹಾಗೆ ಬರೆದಾದ ಮೇಲೆ ಆ ಚಿಹ್ನೆಗಳಿಂದ ಮೂಲ ಪಠ್ಯವನ್ನು ಮರಳಿ ಪಡೆಯಲು ಯಾವ ಉಪಾಯವೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಹೆಸರಿನ ಸಮಸ್ಯೆ. 'ಕೋಲಾರ' ಎಂಬ ಹೆಸರಿನ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲ. ಆದರೆ ಸಂಕೇತಗಳನ್ನಷ್ಟೇ ಹೋಲಿಸುವ ಪ್ರೋಗ್ರಾಂಗೆ ಅವು ಎರಡು ಬೇರೆ ಹೆಸರುಗಳು. ಹಳೆಯ ಮ್ಯಾಕಿಂಟಾಷ್ ಡಿಸ್ಕ್‌ಗಳು ಕಡತದ ಹೆಸರನ್ನು ಬಿಡಿಸಿದ ರೂಪದಲ್ಲೇ ಇಡುತ್ತಿದ್ದವು. ಅಲ್ಲಿಂದ ಬಂದ ಕಡತ, ವಿಂಡೋಸ್‌ನಿಂದ ಬಂದ ಅದೇ ಹೆಸರಿನ ಕಡತದ ಪಕ್ಕದಲ್ಲೇ ಕುಳಿತು ಗೊಂದಲ ಹುಟ್ಟಿಸುತ್ತದೆ. ಹೆಸರನ್ನು ಭಂಡಾರಕ್ಕೆ ಕೊಡುವ ಮುನ್ನ ಯುನಿಕೋಡ್‌ನ 'ಎನ್‌ಎಫ್‌ಸಿ' ರೂಪಕ್ಕೆ ಪರಿವರ್ತಿಸುವುದೇ ಇದಕ್ಕೆ ಪರಿಹಾರ. ಜಾವಾದಲ್ಲಿ ಒಂದು ಸಾಲಿನ ಕೆಲಸ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತಗಳಂತೂ ವಾಸ್ತವದಲ್ಲಿ ಕನ್ನಡ ಸಂಕೇತಗಳನ್ನೇ ಹೊಂದಿಲ್ಲ. ಒಳಗಿರುವುದು ರೋಮನ್ ಲಿಪಿಗೆ ಮೀಸಲಾದ ಸಂಕೇತಗಳು, ಕನ್ನಡದಂತೆ ಕಾಣಿಸುವುದು ಫಾಂಟ್‌ನ ಕೈಚಳಕ. ಯುನಿಕೋಡ್‌ಗೆ ಪರಿವರ್ತಿಸದೆ ಇವನ್ನು ಹಾಗೆಯೇ ಭಂಡಾರಕ್ಕೆ ಸುರಿದರೆ, ಕನ್ನಡದಲ್ಲಿ ಹುಡುಕುವವರಿಗೆ ಒಂದು ಪದವೂ ದೊರೆಯದು.

ನಡುವೆ ಕೈಕೊಟ್ಟರೆ

ಆಲ್‌ಫ್ರೆಸ್ಕೊದಲ್ಲಿ ಡೇಟಾಬೇಸ್ ದಾಖಲೆಗಳು ಟ್ರಾನ್ಸಾಕ್ಷನ್ ಒಂದರೊಳಗೆ ಸೃಷ್ಟಿಯಾಗುತ್ತವೆ. ನಡುವೆ ದೋಷ ಕಂಡುಬಂದರೆ ಅವೆಲ್ಲ ರದ್ದಾಗುತ್ತವೆ. ಆದರೆ ಡಿಸ್ಕ್‌ಗೆ ಅಷ್ಟರಲ್ಲೇ ಬರೆದಾಗಿರುವ 'ಬಿನ್' ಕಡತ ಅನಾಥವಾಗಿ ಉಳಿಯುವುದುಂಟು. ಇಂಥವುಗಳಿಗೆ ಸಾಮಾನ್ಯವಾಗಿ 14 ದಿನಗಳ ಗಡುವು. ಆಮೇಲೆ ವ್ಯವಸ್ಥೆಯೇ ಗುಡಿಸಿ ಹಾಕುತ್ತದೆ. ಇಡೀ 1,29,600 ಪುಟಗಳನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿಸಹೊರಟರೆ ಕೊನೆಯ ಪುಟದ ದೋಷವು ಮೊದಲ ಪುಟವನ್ನೂ ಅಳಿಸುತ್ತದೆ. ನೂರು, ಇನ್ನೂರರ ಕಂತುಗಳಲ್ಲಿ ಸೇರಿಸುತ್ತ, ಎಲ್ಲಿಯವರೆಗೆ ಮುಗಿಯಿತೆಂದು ಬರೆದಿಟ್ಟುಕೊಳ್ಳುವುದು ವಾಡಿಕೆ. ಫೋಲ್ಡರ್‌ಗೆ ಲಗತ್ತಾದ ನಿಯಮಗಳನ್ನೂ ಅಷ್ಟು ಹೊತ್ತು ನಿಲ್ಲಿಸಿಡಬೇಕು. ಇಲ್ಲವಾದರೆ 'ಹೊಸ ಕಡತ ಬಂದಿದೆ' ಎಂಬ ಇ-ಮೇಲ್ ಪುಟಕ್ಕೊಂದರಂತೆ ಸಂಪಾದಕರ ಅಂಚೆಪೆಟ್ಟಿಗೆಗೆ ಬೀಳುತ್ತದೆ.

ಭಂಡಾರ ಯಾವ ಕಂಪನಿಯದಾದರೂ ಒಂದೇ ರೀತಿಯಲ್ಲಿ ಕಡತ ಸೃಷ್ಟಿಸಲು ಅನುವಾಗಲೆಂದು ಓಯಸಿಸ್ ಸಂಸ್ಥೆ 2010ರಲ್ಲಿ ಸಿಎಂಐಎಸ್ ಎಂಬ ಮಾನದಂಡವನ್ನು ಅಂಗೀಕರಿಸಿತು. ಐಬಿಎಂ, ಮೈಕ್ರೋಸಾಫ್ಟ್, ಇಎಂಸಿಗಳು ಇದರ ಹಿಂದಿದ್ದವು. 'ಕ್ರಿಯೇಟ್‌ಡಾಕ್ಯುಮೆಂಟ್' ಎಂಬ ಒಂದೇ ಕರೆಯಲ್ಲಿ ಹೆಸರು, ಬಗೆ, ವಿಷಯ ಮೂರನ್ನೂ ಇಲ್ಲಿ ಒಟ್ಟಿಗೆ ಕಳಿಸಬಹುದು. ಆದರೂ ಮೇಲೆ ಹೇಳಿದ ಕನ್ನಡದ ತೊಡಕುಗಳಿಂದ ಈ ಮಾನದಂಡವೇನೂ ಬಿಡುಗಡೆ ಕೊಡುವುದಿಲ್ಲ.

ಎಲ್ಲ ಮುಗಿದ ಮೇಲೆ ಪರಿಶೀಲನೆಗೆ ಹುಡುಕಾಟದ ಸೌಲಭ್ಯವನ್ನು ಬಳಸುವುದು ತರವಲ್ಲ. ಸೋಲರ್ ಆಧಾರಿತ ಸೂಚಿಯು ಡೇಟಾಬೇಸ್‌ಗಿಂತ ತುಸು ಹಿಂದೆ ಬಿದ್ದಿರುತ್ತದೆ. ಆಗಷ್ಟೇ ಸೇರಿಸಿದ ಕಡತ 'ಇಲ್ಲ' ಎಂದೇ ಅದು ಹೇಳೀತು. ಆಯಾ ಫೋಲ್ಡರ್‌ನ ಮರಿ ಕಡತಗಳನ್ನು ನೇರವಾಗಿ ಎಣಿಸಿ, ಕೆಲವನ್ನಾದರೂ ಮರಳಿ ಇಳಿಸಿಕೊಂಡು ಮೂಲದೊಡನೆ ಬೈಟ್‌ಗೆ ಬೈಟ್ ಹೋಲಿಸಬೇಕು. ಹಾಗೆ ಇಳಿಸಿಕೊಳ್ಳುವ ಕಡತಗಳಲ್ಲಿ ಹೆಸರಿನಲ್ಲಿ ಓತ್ವ ಇರುವ ಒಂದೆರಡು ಇರಲಿ.